ಸತ್ತ ಎಮ್ಮಿಯಿಂದ ಹಾಲಿನ ಎಮ್ಮಿಯವರೆಗೆ: ನಮ್ಮ ಕೇರಿಯ ಒಂದು ಇತಿಹಾಸ



ವಾರ್ಷಿಕೋತ್ಸವದ ಸ್ಮರಣ ಸಂಚಿಕೆಗೆ ಇತಿಹಾಸದ ಮ್ಯಾಲೆ ಏನಾದರೂ ಬರಿ ಎಂದು ಸಂಘದ ಅಣ್ಣಂದಿರು ಹೇಳಿದಾಗ ಅಕ್ಕಲಕೋಟ ಸಂಸ್ಥಾನದ ಬಗ್ಗೆ ಬರೆಯೋಣ ಅಂದುಕೊಂಡಿದ್ದೆ. ಬಿ.ಎ.ದಲ್ಲಿ ಇತಿಹಾಸ ನನ್ನ ವಿಷಯ. ರಾಜರ ಇಸವಿಗಳೆಲ್ಲ ಪರೀಕ್ಷೆಗಾಗಿ ಬಾಯಿಪಾಠ ಆಗಿವೆ. ಆದರೆ ಮನೆಗೆ ಬಂದು ಆಯಿಗೆ ಹೇಳಿದರೆ ಆಕೆ ಅಂದಳು: "ರಾಜಾನ ಸುದ್ದಿ ಬರಿಯಾಕ ಬೇಕಾದಷ್ಟು ಮಂದಿ ಅದಾರ. ನಿನ್ನ ಕಾಲೇಜಿನ ಫೀ ಕಟ್ಟಿದ್ದು ಎಮ್ಮಿ. ಅದರ ಸುದ್ದಿ ಬರಿ." ಅದಕ್ಕೇ ಈ ಲೇಖನ.

ನಮ್ಮ ಸೋಲಾಪುರ ಜಿಲ್ಲೆ ಒಂದು ಎಮ್ಮಿ ತಳಿಯ ತವರುಮನೆ. ಪಂಢರಪುರಿ ಎಮ್ಮಿ ಅಂತ ಅದರ ಹೆಸರು. ಸೋಲಾಪುರ, ಸಾಂಗ್ಲಿ, ಕೊಲ್ಹಾಪುರ ಈ ಮೂರು ಜಿಲ್ಲೆ ಅದರ ಸೀಮೆ. ಉದ್ದ ಮುಖ, ಹೆಗಲು ದಾಟಿ ಹಿಂದಕ್ಕೆ ಚಾಚಿದ ಕತ್ತಿಯಂಥ ಕೋಡು. ಹರಿಯಾಣದ ಮುರ್ರಾ ಎಮ್ಮಿಯಷ್ಟು ಮೈ ಇಲ್ಲ, ಅಷ್ಟು ಹಾಲೂ ಇಲ್ಲ. ಆದರೆ ನಮ್ಮ ಬಿಸಿಲು ತಡೀತದೆ, ಜೋಳದ ಕಣಕಿ ತಿಂದು ದಿನಕ್ಕೆ 5-6 ಲೀಟರ್ ಕೊಡ್ತದೆ. ಬರಗಾಲದ ಸೀಮೆಗೆ ತಕ್ಕ ಎಮ್ಮಿ ಇದು. ಕೊಲ್ಹಾಪುರದ ಗಂಗಾವೇಸದಲ್ಲಿ ಇವತ್ತಿಗೂ ಗವಳಿಗರು ಎಮ್ಮಿಯನ್ನ ಪೇಟೆಗೆ ಹೊಡಕೊಂಡು ಬಂದು ಗಿರಾಕಿಯ ಎದುರಿಗೇ ಹಾಲು ಕರೆದು ಕೊಡುತ್ತಾರೆ.

ಇಷ್ಟು ಪುಸ್ತಕದಾಗ ಸಿಗ್ತದೆ. ಆ ಎಮ್ಮಿಗೂ ನಮ್ಮ ಕೇರಿಗೂ ಇದ್ದ ಸಂಬಂಧ ಏನು ಅನ್ನೋದು ಸಿಗೋದಿಲ್ಲ.

ಮುತ್ಯಾನ ಕಾಲದಲ್ಲಿ ಆ ಸಂಬಂಧ ಒಂದೇ ಮಾತಿನದು: ಬದುಕಿದ ಎಮ್ಮಿ ಅವರದು, ಸತ್ತ ಎಮ್ಮಿ ನಮ್ಮದು. ಎಮ್ಮಿ ಕರೆಯುವಷ್ಟು ದಿನ ಅವರ ದಂದಕ್ಕಿಗೆ ನಮ್ಮ ನೆರಳೂ ಬೀಳಬಾರದು. ಸತ್ತ ದಿನ ಮಾತ್ರ ಕೇರಿಗೆ ಕರೆ ಬರುತ್ತಿತ್ತು. ಹೆಣ ಎಳೆಯುವುದು, ತೊಗಲು ಸುಲಿಯುವುದು ವತನದ ಕೆಲಸಗಳಲ್ಲಿ ಸೇರಿತ್ತು. ಅದೇ ತೊಗಲಿನಿಂದ ಬಾವಿಯ ನೀರೆತ್ತುವ ಚೀಲ ಆಗುತ್ತಿತ್ತು, ಚಪ್ಪಲಿಯ ಅಟ್ಟೆ ಆಗುತ್ತಿತ್ತು. ಆ ಚೀಲದ ನೀರು ಗೌಡರ ಹೊಲಕ್ಕೆ ನಡೆಯುತ್ತಿತ್ತು. ಬಾವಿಯನ್ನ ಮಾತ್ರ ನಾವು ಮುಟ್ಟುವ ಹಾಗಿರಲಿಲ್ಲ.

1927ರ ಮಾರ್ಚ್‌ನಲ್ಲಿ ಮಹಾಡದ ಪರಿಷತ್ತಿನಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡ್ರಿ, ಮನೆಮನೆ ತಿರುಗಿ ತಂಗಳು ಬೇಡೋದು ಬಿಡ್ರಿ ಎಂದು ಕರೆ ಕೊಟ್ಟರು. ಕೆರೆಯ ನೀರಿನ ಸುದ್ದಿ ಎಲ್ಲರಿಗೂ ಗೊತ್ತು, ಈ ಕರೆಯ ಸುದ್ದಿ ಕಡಿಮೆ ಮಂದಿಗೆ ಗೊತ್ತು. ವತನದ ಗುಲಾಮಗಿರಿ ಹೋಗಬೇಕೆಂದು 1928ರಲ್ಲಿ ಅವರು ಮುಂಬಯಿ ಕೌನ್ಸಿಲ್‌ನಲ್ಲಿ ಮಸೂದೆಯನ್ನೂ ತಂದರು. ಕಾಯ್ದೆ ಆಗಲಿಕ್ಕೆ 1958ರವರೆಗೆ ಕಾಯಬೇಕಾಯ್ತು. ನಮ್ಮೂರಾಗ ಹೆಣ ಎಳೆಯೋದು ಬಿಟ್ಟದ್ದು ಯಾವಾಗ ಅಂತ ಆಯಿಗೆ ಕೇಳಿದೆ. ಇಸವಿ ಆಕೆಗೆ ನೆನಪಿಲ್ಲ. "ಬಿಟ್ಟ ಮ್ಯಾಲ ಒಂದು ಸುಗ್ಗಿ ಯಾರೂ ನಮಗ ಕೂಲಿಗೆ ಕರೀಲಿಲ್ಲ. ಅದು ನೆನಪೈತಿ" ಅಂದಳು.

ಹಾಲಿನ ಮಾತು ಬಂದಾಗ ಕೊಲ್ಹಾಪುರದ ಗಂಗಾರಾಮ ಕಾಂಬಳೆಯವರನ್ನ ನೆನೆಯಲೇಬೇಕು. ಅವರು ಛತ್ರಪತಿ ಶಾಹೂ ಮಹಾರಾಜರ ಕುದುರೆ ಲಾಯದ ಚಾಕರಿಯಲ್ಲಿದ್ದರು. ನೀರಿನ ಹೌದು ಮುಟ್ಟಿದರೆಂದು ಮೇಲ್ಜಾತಿಯ ನೌಕರರು ಅವರನ್ನ ಹೊಡೆದರು. ಮಹಾರಾಜರು ಹೊಡೆದವರಿಗೆ ಶಿಕ್ಷೆ ಕೊಟ್ಟರು, ಗಂಗಾರಾಮರಿಗೆ ಸ್ವಂತ ಧಂದೆಗೆ ನೆರವು ಕೊಟ್ಟರು. ಅವರು 'ಸತ್ಯಸುಧಾರಕ' ಎಂಬ ಚಹಾದ ಹೋಟೆಲ್ ತೆಗೆದರು. ದಲಿತನ ಹೋಟೆಲ್ ಅಂತ ಗಿರಾಕಿ ಬರಲಿಲ್ಲ. ಆಗ ಶಾಹೂ ಮಹಾರಾಜರೇ ಅಲ್ಲಿ ಗಾಡಿ ನಿಲ್ಲಿಸಿ ಗಂಗಾರಾಮರ ಕೈಯ ಚಹಾ ಕುಡಿದರು, ಜೊತೆಗಿದ್ದವರಿಗೂ ಕುಡಿಸಿದರು. ನಮ್ಮ ಕೈಯ ಹಾಲು ಪೇಟೆಗೆ ಬರಲಿಕ್ಕೆ ಒಬ್ಬ ರಾಜ ಬರಬೇಕಾಯ್ತು. ಎಲ್ಲಾ ಊರಿಗೂ ರಾಜ ಬರೋದಿಲ್ಲವಲ್ಲ!

ನಮ್ಮ ಕೇರಿಗೆ ಜೀವಂತ ಎಮ್ಮಿ ಮೊದಲು ಬಂದದ್ದು ಪಾಲಿಗೆ. ಎಮ್ಮಿ ಗೌಡರದು, ಮೇಯಿಸುವ ಕಷ್ಟ ನಮ್ಮದು. ಮಣಕ ಬೆಳೆದು ಈದ ಮೇಲೆ ಬೆಲೆ ಕಟ್ಟಿ ಅರ್ಧ ಅರ್ಧ. ಅರ್ಧದ ರೊಕ್ಕ ಕೊಟ್ಟು ಬಿಡಿಸಿಕೊಳ್ಳುವ ಶಕ್ತಿ ಯಾರಿಗಿತ್ತು? ಈದ ಎಮ್ಮಿ ಗೌಡರ ಮನೆಗೆ ವಾಪಸ್ ಹೋಗುತ್ತಿತ್ತು, ಗಿಣ್ಣದ ಹಾಲು ಸಹ ಕೇರಿಯಲ್ಲಿ ಉಳಿಯುತ್ತಿರಲಿಲ್ಲ. 1972ರ ಬರದಲ್ಲಿ ಅದೂ ನಿಂತಿತು. ಆಗ ಆಯಿ ಹೊಸ ಸೊಸೆ. ಸರಕಾರದ ಕಾಮಗಾರಿಯ ಮ್ಯಾಲೆ ಕಲ್ಲು ಒಡೆದಳು.

1970ರಲ್ಲಿ ದೇಶದಲ್ಲಿ ಆಪರೇಶನ್ ಫ್ಲಡ್ ಶುರುವಾಗಿತ್ತು. ಅದರ ಹಿಂದೆಯೂ ಎಮ್ಮಿಯೇ ಇದೆ. ಎಮ್ಮಿ ಹಾಲಿನಿಂದ ಪುಡಿ ಮಾಡಲಿಕ್ಕೆ ಆಗೋದಿಲ್ಲ ಎಂದು ವಿದೇಶಿ ತಜ್ಞರು ಹೇಳುತ್ತಿದ್ದ ಕಾಲದಲ್ಲಿ, 1955ರಲ್ಲಿ, ಆಣಂದದ ಅಮುಲ್ ಕಾರ್ಖಾನೆಯಲ್ಲಿ ಎಚ್. ಎಂ. ದಲಾಯಾ ಅದನ್ನ ಮಾಡಿ ತೋರಿಸಿದರು. ಇವತ್ತು ದೇಶದ ಹಾಲಿನಲ್ಲಿ ಅರ್ಧಕ್ಕೆ ಸಮೀಪದಷ್ಟು ಎಮ್ಮಿಯದು. ಪೂಜೆ ಮಾತ್ರ ಆಕಳಿಗೆ. ಎಮ್ಮಿಯ ಪಾಲಿಗೆ ಬೈಗುಳ, ದ್ಯಾಮವ್ವನ ಜಾತ್ರೆಯಲ್ಲಿ ಕೋಣನ ಪಾಲಿಗೆ ಕತ್ತಿ. ಕಂಚ ಐಲಯ್ಯನವರು 2004ರಲ್ಲಿ 'ಬಫೆಲೋ ನ್ಯಾಷನಲಿಸಂ' ಎಂಬ ಪುಸ್ತಕ ತಂದಾಗ ಆ ಹೆಸರಿನಲ್ಲೇ ಈ ಪ್ರಶ್ನೆ ಇತ್ತು.

1980ರಿಂದ ದೇಶದ ಎಲ್ಲ ತಾಲೂಕಿಗೂ ಐ.ಆರ್.ಡಿ.ಪಿ. ಸಾಲ ಬಂತು. ಪರಿಶಿಷ್ಟ ಜಾತಿಯವರಿಗೆ ಸಬ್ಸಿಡಿಯೂ ಇತ್ತು. ಮುತ್ಯಾ ಹೆಬ್ಬೆಟ್ಟು ಒತ್ತಿ ಒಂದು ಎಮ್ಮಿ ತಂದ. ಬಜಾರಿನಾಗ ಕೆಚ್ಚಲು ಬಿಂದಿಗೆಯಂಗ ಇತ್ತಂತೆ. ಮನೆಗೆ ಬಂದು ಎರಡು ಹೊತ್ತು ಕರೆದ ಮೇಲೆ ತಿಳಿಯಿತು, ದಲಾಲ ಹಿಂದಿನ ದಿನ ಕರೆಯದೆ ಬಿಟ್ಟು ಕೆಚ್ಚಲು ಉಬ್ಬಿಸಿದ್ದ. ಎಮ್ಮಿ ಬತ್ತಲಿಕ್ಕೆ ಬಂದಿತ್ತು. ಸಾಲದ ಕಂತು ಮಾತ್ರ ಬತ್ತಲಿಲ್ಲ. ಆ ಕಾಲದ ಸಾಲದ ಎಮ್ಮಿ ಎಷ್ಟೋ ಮನೆಯಲ್ಲಿ ಹೀಗೇ ಮಾರಿಹೋದವು. ಆಯಿ ಮಾರಲು ಬಿಡಲಿಲ್ಲ. ಎಮ್ಮಿ ಗಬ್ಬ ಇತ್ತು. ಬದುವಿನ ಹುಲ್ಲು ಕೊಯ್ದು, ಬೈಸಿಕೊಂಡು, ತಿಂಗಳುಗಟ್ಟಲೆ ಸಾಕಿದಳು. ಈದಾಗ ಹೆಣ್ಣುಗರು. ಈಗ ನಮ್ಮ ಮನೆಯಲ್ಲಿರುವುದು ಅದರ ವಂಶ.

ಹಾಲು ಬಂತು, ಕೊಳ್ಳುವವರು ಬರಲಿಲ್ಲ. ಊರ ಹೋಟೆಲಿನವರು ನಮ್ಮ ಹಾಲು ತಗೊಳ್ಳಲಿಲ್ಲ. ಆಯಿ ಮೊಸರು ಕಡೆದು ತುಪ್ಪ ಮಾಡಿ, ಗುರುತಿಲ್ಲದ ಪೇಟೆಗೆ ಒಯ್ದು ಮಾರಿ ಕಂತು ಕಟ್ಟಿದಳು.

ಆಮೇಲೆ ಊರಿಗೆ ಡೇರಿ ಬಂತು. ಮೊದಲ ದಿನ ಆಯಿಯ ಹಾಲು ಕ್ಯಾನಿಗೆ ಸುರಿಯಬಾರದೆಂದು ಇಬ್ಬರು ತಕರಾರು ತೆಗೆದರು. ಬೇರೆ ಕ್ಯಾನ್ ಇಡ್ರಿ ಅಂದರು. ಆದರೆ ಆಗಲೇ ಪರೀಕ್ಷೆ ಮುಗಿದಿತ್ತು. ಹಾಲಿಗೆ ಆಸಿಡ್ ಹಾಕಿ ಗಾಜಿನ ನಳಿಗೆಯಲ್ಲಿ ತಿರುಗಿಸಿ ಕೊಬ್ಬು ಅಳೆಯುವ ಪದ್ಧತಿ ಅದು. ಆಕಳ ಹಾಲಿನ ಫ್ಯಾಟ್ ನಾಲ್ಕರ ಆಸುಪಾಸು, ಎಮ್ಮಿ ಹಾಲಿನದು ಆರು-ಏಳು. ಆಯಿಯ ಹಾಲು ಏಳು ದಾಟಿತ್ತು, ತಕರಾರು ತೆಗೆದವರದು ಐದೂ ಇರಲಿಲ್ಲ. "ನೀರು ಕೂಡಿಸಿದ ಹಾಲಿಗೆ ಬೇರೆ ಕ್ಯಾನ್ ಇಡೋಣೇನ್ರಿ?" ಎಂದು ಹಾಲು ಅಳೆಯುವ ಹುಡುಗ ಕೇಳಿದ. ಮಂದಿ ನಕ್ಕರು. ಆಯಿಯ ಹಾಲು ಅದೇ ಕ್ಯಾನಿಗೆ ಬಿತ್ತು. ಒಮ್ಮೆ ಬಿದ್ದ ಮೇಲೆ ಬೇರೆ ಮಾಡೋದು ಹ್ಯಾಂಗ?

ಇದರಿಂದ ಜಾತಿ ಹೋಯಿತು ಅಂತ ನಾನು ಹೇಳೋದಿಲ್ಲ. ಡೇರಿಯ ಲಾಭ ಹೆಚ್ಚು ಹೋದದ್ದು ಹೊಲ ಇದ್ದವರಿಗೆ. ಅವರಿಗೆ ಮೇವು ಮನೆಯದು, ನಮಗೆ ಕೊಂಡದ್ದು. ದಾದಾಸಾಹೇಬ ಗಾಯಕವಾಡರು 1959ರಲ್ಲಿ, ಮತ್ತೆ 1964ರಲ್ಲಿ ಭೂಮಿಹೀನರ ಸತ್ಯಾಗ್ರಹ ನಡೆಸಿ ಪಡ, ಗಾಯರಾಣ ಜಮೀನು ಕೇಳಿದ್ದು ಸುಮ್ಮನೆ ಅಲ್ಲ. ತುಂಡು ಭೂಮಿ ಇದ್ದಿದ್ದರೆ ಒಂದು ಎಮ್ಮಿ ನಾಲ್ಕು ಆಗುತ್ತಿತ್ತು. ಈಗ ಕಣಕಿ, ಹಿಂಡಿ ತುಟ್ಟಿಯಾಗಿ ಕೇರಿಯ ದಾವಣಿಗಳು ಖಾಲಿಯಾಗುತ್ತಿವೆ. ಹೋದ ಬೇಸಿಗೆಯಲ್ಲಿ ಅಪ್ಪ ನಮ್ಮ ಎಮ್ಮಿಯನ್ನೂ ಮಾರೋಣ ಅಂದ. ಆಯಿ ಎರಡು ದಿನ ಊಟ ಬಿಟ್ಟಳು. ಈ ವರ್ಷ ಉಳಿದಿದೆ. ಮುಂದಿನ ವರ್ಷದ್ದು ಗೊತ್ತಿಲ್ಲ.

ಕಡೆಗೆ ಗೆಳೆಯರಲ್ಲಿ ಎರಡು ಮಾತು. ಮಹಾರಾಷ್ಟ್ರದ ಸಹಕಾರ ಕಾಯ್ದೆಯಲ್ಲಿ ಆಡಳಿತ ಮಂಡಳಿಯಲ್ಲಿ ಪರಿಶಿಷ್ಟರಿಗೆ ಮೀಸಲು ಸ್ಥಾನ ಇದೆ. ಹಾಲು ಹಾಕುವ ನಮ್ಮ ಅವ್ವಂದಿರಲ್ಲಿ ಎಷ್ಟು ಮಂದಿ ಸಂಘದ ಸದಸ್ಯರು, ಎಷ್ಟು ಮಂದಿಯ ಹೆಸರಿನಲ್ಲಿ ಶೇರು ಇದೆ? ಈ ವರ್ಷ ನಮ್ಮ ಯುವಕ ಸಂಘ ಅದನ್ನ ಒಂದು ವಹಿಯಲ್ಲಿ ಬರೆಯಲಿ. ಎರಡನೆಯದು, ಕೇರಿಯ ಹಿರಿಯರು ಇರುವಾಗಲೇ ಅವರ ಮಾತು ಬರೆದುಕೊಳ್ಳೋಣ. ಆಯಿಗೆ ಈ ಲೇಖನ ಓದಿ ಹೇಳಿದೆ. ಎಲ್ಲಾ ಕೇಳಿ, "ಕರದದ್ದು ಬರದಿ, ಹೆಂಡಿ ಬಳದದ್ದು ಬರೀಲಿಲ್ಲ" ಅಂದಳು. ಅದನ್ನೂ ಇಲ್ಲಿ ಸೇರಿಸಿದ್ದೇನೆ.

ಜೈ ಭೀಮ್.