ರಟ್ಟಿನ ಕೊಳವೆಯೂ ಬಳೆಯ ಚೂರೂ

ಆಟಿಕೆಗಳ ಚರಿತ್ರೆಯನ್ನು ಬರೆಯಹೊರಟವರು ಚನ್ನಪಟ್ಟಣದ ಅರಗಿನ ಬೊಂಬೆಗಳನ್ನೋ ಕಿನ್ನಾಳದ ವರ್ಣಶಿಲ್ಪವನ್ನೋ ಪ್ರಸ್ತಾಪಿಸುವುದು ಸಹಜವೇ ಆದರೂ, ಕರ್ತೃವಿನ ಹೆಸರಿಲ್ಲದೆ, ಅಂಗಡಿಯ ಬೆಲೆಯಿಲ್ಲದೆ, ಮನೆಯ ಜಗುಲಿಯಲ್ಲಿ ಹುಟ್ಟಿ ಕೆಲವೇ ವಾರಗಳಲ್ಲಿ ನಶಿಸುವ ರಟ್ಟಿನ ಆಟಿಕೆಗೆ ಅಲ್ಲಿ ಸ್ಥಾನ ದೊರೆಯುವುದು ವಿರಳ. ಬೆಂಗಳೂರಿನ ದಕ್ಷಿಣ ಭಾಗದಲ್ಲಿಯಾದರೋ ಈ ಅಲ್ಪಾಯುವಿಗೂ ಒಂದು ಚರಿತ್ರೆಯುಂಟು. ಅದಕ್ಕೆ ಬಳಸುವ ರಟ್ಟಿನ ಕೊಳವೆಯು ಅದೇ ಆಗಿದ್ದರೂ, ಅದನ್ನು ಮಕ್ಕಳ ಕೈಗಿತ್ತ ಕಾರಣವು ಕಾಲಕಾಲಕ್ಕೆ ಬೇರೆಯಾಗಿದೆ.

1898ರ ಪ್ಲೇಗಿನ ತರುವಾಯ ಬಸವನಗುಡಿಯೂ, ಸ್ವಾತಂತ್ರ್ಯದ ಮರುವರ್ಷವಾದ 1948ರಲ್ಲಿ ಜಯನಗರವೂ ಯೋಜಿತ ಬಡಾವಣೆಗಳಾಗಿ ರೂಪುಗೊಂಡಾಗ, ಅಲ್ಲಿ ಬಂದು ನೆಲಸಿದ ಕುಟುಂಬಗಳು ತಮ್ಮೊಡನೆ ನವರಾತ್ರಿಯ ಬೊಂಬೆಹಬ್ಬವನ್ನೂ ತಂದುವು. ಮೆಟ್ಟಿಲುಗಳ ಮೇಲೆ ವಿರಾಜಿಸುವ ಪಟ್ಟದ ಬೊಂಬೆಗಳೂ ಸೆಟ್ಟಿ ದಂಪತಿಗಳೂ ಹಿರಿಯರ ಅಧೀನ. ಮೆಟ್ಟಿಲುಗಳ ಕೆಳಗೆ ನೆಲದ ಮೇಲೆ ಹರಡಿಕೊಳ್ಳುವ ‘ಪಾರ್ಕು’ ಮಕ್ಕಳ ಸ್ವತಂತ್ರ ರಾಜ್ಯ. ತಟ್ಟೆಯ ಮಣ್ಣಿನಲ್ಲಿ ರಾಗಿ ಚೆಲ್ಲಿ ದಿನವೂ ನೀರು ಚಿಮುಕಿಸಿದರೆ ಹಬ್ಬದ ವೇಳೆಗೆ ಹುಲ್ಲುಗಾವಲು ಸಿದ್ಧ. ಜವಳಿ ಅಂಗಡಿಯಿಂದ ಬೇಡಿ ತಂದ ಕೊಳವೆಯನ್ನು ಕುಯ್ದರೆ ಗಿಡ್ಡ ತುಂಡು ಬಾವಿಕಟ್ಟೆ, ನೀಳ ತುಂಡು ಗುಡಿಯ ಮುಂದಣ ಗರುಡಗಂಬ. ಎಲ್ಲಕ್ಕೂ ಮೈದಾಹಿಟ್ಟನ್ನು ಕಾಯಿಸಿ ಮಾಡಿದ ಅಂಟೇ ಗಾರೆ. ಏನನ್ನೂ ಬಿಸುಡದ ಗೃಹಕೃತ್ಯದಲ್ಲಿ ಇದು ಮಿತವ್ಯಯದ ಸಹಜ ಫಲವಾಗಿತ್ತೇ ಹೊರತು ಉಪದೇಶವಾಗಿರಲಿಲ್ಲ.

ಎರಡನೆಯ ಕಾರಣವನ್ನು ಒದಗಿಸಿದ್ದು ವಿಜ್ಞಾನ ಪ್ರಸಾರ. 1962ರಲ್ಲಿ ಎಚ್. ನರಸಿಂಹಯ್ಯನವರು ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ವಿಜ್ಞಾನ ವೇದಿಕೆಯನ್ನು ಆರಂಭಿಸಿದರು. 1980ರಲ್ಲಿ ಸ್ಥಾಪಿತವಾದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಬನಶಂಕರಿ ಎರಡನೆಯ ಹಂತದಲ್ಲಿ ನೆಲೆಗೊಂಡು, ‘ಬಾಲ ವಿಜ್ಞಾನ’ ಮಾಸಪತ್ರಿಕೆಯ ಮೂಲಕ ಶಾಲಾಬಾಲಕರನ್ನು ತಲುಪಿತು. ಪ್ರಯೋಗಶಾಲೆಯಿಲ್ಲದ ಶಾಲೆಗೆ ರಟ್ಟಿನ ಕೊಳವೆಯೇ ಉಪಕರಣ. ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರ್ 1817ರಲ್ಲಿ ಪೇಟೆಂಟ್ ಪಡೆದ ಕೆಲಿಡೋಸ್ಕೋಪನ್ನು ನಮ್ಮ ಮಕ್ಕಳು ಕಟ್ಟುವ ವಿಧಾನವನ್ನೇ ನೋಡಿರಿ: ಪಟಕ್ಕೆ ಕಟ್ಟು ಹಾಕುವ ಅಂಗಡಿಯಲ್ಲಿ ಸಮನಾಗಿ ಕೊಯ್ಸಿದ ಮೂರು ಗಾಜಿನ ಪಟ್ಟಿಗಳ ಬೆನ್ನಿಗೆ ಕಪ್ಪು ಕಾಗದ ಅಂಟಿಸಿ, ಸಮಬಾಹು ತ್ರಿಭುಜವಾಗುವಂತೆ ದಾರದಿಂದ ಬಿಗಿದು ಕೊಳವೆಯೊಳಗೆ ಸೇರಿಸಬೇಕು, ಒಂದು ತುದಿಗೆ ಇಣುಕುವ ರಂಧ್ರ, ಇನ್ನೊಂದಕ್ಕೆ ಎಣ್ಣೆ ಸವರಿದ ಕಾಗದದ ಹಿಂದೆ ಅಜ್ಜಿಯ ಒಡೆದ ಬಳೆಯ ಚೂರುಗಳು. ಪಟ್ಟಿಗಳ ನಡುವಣ ಕೋನವು 60 ಡಿಗ್ರಿಯಿಂದ ತುಸು ಸರಿದರೂ ಚಿತ್ತಾರವು ಕಲಸಿಹೋಗುವುದರಿಂದ, ಪ್ರತಿಫಲನದ ನಿಯಮವನ್ನು ಪುಸ್ತಕದಲ್ಲಿ ಓದುವ ಮೊದಲೇ ಬೆರಳುಗಳು ಅರಿತುಬಿಡುತ್ತವೆ.

ಮೂರನೆಯ ಕಾರಣ ಕಸದ್ದು. 2012ರಲ್ಲಿ, ನಗರದ ಕಸವನ್ನು ಸುರಿಯುತ್ತಿದ್ದ ಮಾವಳ್ಳಿಪುರಕ್ಕೆ ಅದನ್ನು ಸಾಗಿಸುವುದು ನಿಂತು ಬೀದಿಬೀದಿಗಳಲ್ಲಿ ರಾಶಿ ಬಿದ್ದಾಗ, ಹಸಿ ಕಸ ಒಣ ಕಸಗಳನ್ನು ಮನೆಯಲ್ಲಿಯೇ ಬೇರ್ಪಡಿಸಬೇಕೆಂಬ ನಿಯಮ ಜಾರಿಗೆ ಬಂತು. ಅಷ್ಟರಲ್ಲಿ ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳ ಮನೆಗಳಿಗೆ ಟಿಶ್ಯೂ ಕಾಗದದ ಸುರುಳಿಗಳೂ ಪ್ರವೇಶಿಸಿದ್ದುದರಿಂದ ಕೊಳವೆಗೆ ಕೊರತೆಯಿರಲಿಲ್ಲ. ‘ಕಸದಿಂದ ರಸ’ವು ಶಾಲೆಯ ಸ್ಪರ್ಧೆಯೂ ಬೇಸಿಗೆ ಶಿಬಿರದ ಪಾಠವೂ ಆಯಿತು.

ಈ ಮೂರನೆಯ ಘಟ್ಟವನ್ನು ಸಂಶಯವಿಲ್ಲದೆ ಹೊಗಳುವಂತಿಲ್ಲ. ಬೋಳು ರಟ್ಟು ಒಣ ಕಸದ ಗಾಡಿಯೇರಿ ಕಾಗದದ ಗಿರಣಿಗೆ ಮರಳಬಲ್ಲುದು. ಮಿನುಗು ಕಾಗದ, ಥರ್ಮೋಕೋಲ್, ಪ್ಲಾಸ್ಟಿಕ್ ಕಣ್ಣುಗಳನ್ನು ಅಂಟಿಸಿಕೊಂಡ ರಟ್ಟಿಗೆ ಆ ಸದ್ಗತಿಯಿಲ್ಲ. ಸ್ಪರ್ಧೆಯ ಹಿಂದಿನ ರಾತ್ರಿ ಸ್ಟೇಷನರಿ ಅಂಗಡಿಯಿಂದ ಅವನ್ನೆಲ್ಲ ಕೊಂಡು ತಂದು, ಮಗು ಮಲಗಿದ ಮೇಲೆ ತಾಯಿಯೇ ಅಂಟಿಸಿ ಮುಗಿಸುವ ಬೊಂಬೆಯಲ್ಲಿ ಮಿತವ್ಯಯವೂ ಇಲ್ಲ, ವಿದ್ಯೆಯೂ ಇಲ್ಲ. ಭೂಮಿಯನ್ನು ರಕ್ಷಿಸುವ ಭಾರವನ್ನು ಒಂದು ಕೊಳವೆಯ ಮೇಲೆ ಹೊರಿಸುವುದಕ್ಕಿಂತ, ಅದರೊಳಗೆ ಮೂರು ಗಾಜಿನ ಪಟ್ಟಿಗಳನ್ನು ಮಗುವೇ ಕೂಡಿಸಿ, ಕೆಡಿಸಿ, ಮತ್ತೆ ಕೂಡಿಸಲು ಬಿಡುವುದು ಮೇಲು.