ಅಸುರನ ಹಗ್ಗ

ವಿಜಯದಶಮಿಯ ರಾತ್ರಿ ಮಡಿಕೇರಿ ಮಲಗುವುದಿಲ್ಲ. ಹತ್ತು ದೇವಸ್ಥಾನಗಳ, ದೇವರ ಕಥೆ ಆಡಿಸುವ ಹತ್ತು ಮಂಟಪಗಳು ಬೀದಿಗಿಳಿಯುತ್ತವೆ. ಕೊಡಗಿನ ಹಾಲೇರಿ ಅರಸರ ಕಾಲದಲ್ಲಿ ಊರಿಗೆ ರೋಗ ಬಡಿದಾಗ ಮಾರಿಯಮ್ಮನ ಕರಗ ಹೊರಡಿಸಿದ್ದೇ ಈ ದಸರೆಯ ಮೂಲ ಎಂಬುದು ಹಿರಿಯರ ಮಾತು. 4 ಕರಗಗಳು ಇಂದಿಗೂ ಪಂಪಿನಕೆರೆಯಿಂದಲೇ ಹೊರಡುತ್ತವೆ. ಮಂಟಪಗಳನ್ನು ಹಿಂದೆ ಹೆಗಲ ಮೇಲೆ ಹೊರುತ್ತಿದ್ದರು. ಈಗ ಟ್ರ್ಯಾಕ್ಟರ್, ಜನರೇಟರ್, ಹೊಗೆ.

ನಾನು ಮಂಟಪದೊಳಗೆ ಕೂತು ಹಗ್ಗ ಎಳೆದ ಹುಡುಗ. ಒಳಗೆ ಡೀಸೆಲ್ ವಾಸನೆ, ತಲೆಯ ಮೇಲೆ ಟಾರ್ಪಾಲು, ಕೈಯಲ್ಲಿ ಅಸುರನ ಬೊಂಬೆಯ ಕತ್ತಿನ ಹಗ್ಗ. ದೇವಿಯ ತ್ರಿಶೂಲ ಇಳಿದ ಕ್ಷಣವೇ ತಲೆ ಹಿಂದಕ್ಕೆ ವಾಲಬೇಕು. ಚೂರು ತಡವಾದರೂ ಜನ ನಗುತ್ತಾರೆ. ಒಂದು ವರ್ಷ ಮಳೆಗೆ ನೆನೆದ ಹಗ್ಗ ಉಬ್ಬಿ ರಾಟೆಯಲ್ಲಿ ಸಿಕ್ಕಿಕೊಂಡಿತು. ಅಸುರ ಸಾಯಲೇ ಇಲ್ಲ! "ಈ ಸಲ ಇವನೇ ಗೆದ್ದ ಮಾರಾಯ" ಎಂದು ಯಾರೋ ಕೂಗಿದರು.

ಆಟ ಕೆಲವೇ ನಿಮಿಷದ್ದು. ಅದಕ್ಕೆ ಕಕ್ಕಡ ತಿಂಗಳ ಮಳೆಯಲ್ಲೇ ಶೆಡ್ಡಿನಲ್ಲಿ ವೆಲ್ಡಿಂಗ್ ಶುರು, ಮನೆಮನೆಗೆ ಚಂದಾ, ರಾತ್ರಿಯಿಡೀ ಬಣ್ಣ. ಮರುವರ್ಷ ಮತ್ತೆ ಹೊಸ ಕಥೆ, ಹೊಸ ಅಸುರ. ಹಗ್ಗದ ಬದಲು ಬಂದ ಈಗಿನ ಮೋಟಾರು ಅಷ್ಟು ಸುಲಭವಾಗಿ ಕೈಕೊಡುವುದಿಲ್ಲ. ಆದರೂ ನನಗೆ ಹಗ್ಗದ ಅಸುರನೇ ಇಷ್ಟ.

ನೋಡಲು ಬರುವುದಾದರೆ ಸ್ವೆಟರ್ ತನ್ನಿ. ಬೆಳಗಾಗುವವರೆಗೂ ರಸ್ತೆಯಲ್ಲೇ ನಿಲ್ಲಬೇಕು.