ಹಳೆಯ ಥಾಣೆ ಜಿಲ್ಲೆಯ ವಾರ್ಲಿ ಸೀಮೆ

ಥಾಣೆ ಅಂದರೆ ಇವತ್ತು ಕಣ್ಣಿಗೆ ಬರುವುದು ಲೋಕಲ್ ಗಾಡಿ, ಮುಗಿಲು ಮುಟ್ಟುವ ಕಟ್ಟಡ, ಘೋಡ್‌ಬಂದರ್ ರಸ್ತೆಯ ವಾಹನಗಳ ಸಾಲು. ಆದರೆ 2014ರ ಆಗಸ್ಟ್ 1ರಂದು ಪಾಲ್ಘರ್ ಜಿಲ್ಲೆ ಬೇರೆಯಾಗುವ ತನಕ ಈ ಜಿಲ್ಲೆ ಗುಜರಾತಿನ ಗಡಿವರೆಗೂ ಹಬ್ಬಿತ್ತು. ಡಹಾಣು, ತಲಾಸರಿ, ಜವ್ಹಾರ್, ಮೋಖಾಡ, ವಿಕ್ರಮಗಡದ ವಾರ್ಲಿ ಆದಿವಾಸಿಗಳ ಹಾಡಿಗಳೆಲ್ಲ ಥಾಣೆಯವೇ ಆಗಿದ್ದವು. ಗಡಿ ಸರಿದರೂ ನಂಟು ಕಡಿದಿಲ್ಲ. ಸುಗ್ಗಿ ಮುಗಿದ ಮೇಲೆ ಆ ಕಡೆಯ ಎಷ್ಟೋ ಆದಿವಾಸಿ ಕುಟುಂಬಗಳು ಮುಂಗಡ ಹಣ ಪಡೆದು ಭಿವಂಡಿ, ಕಲ್ಯಾಣ್, ವಸೈ ಸುತ್ತಿನ ಇಟ್ಟಿಗೆ ಭಟ್ಟಿಗಳಿಗೆ ಬರುತ್ತವೆ. ಮಳೆ ಬೀಳುವವರೆಗೂ ಹೆಂಗಸರು, ಮಕ್ಕಳು ಅಲ್ಲೇ.

ಭಟ್ಟಿಯಲ್ಲಿ ಮಣ್ಣು ಕಲಸುವ ಈ ಕೈಗಳಿಗೆ ಊರಿನಲ್ಲಿ ಬೇರೆಯದೇ ಗೌರವವಿದೆ. ವಾರ್ಲಿ ಮನೆಯ ಗೋಡೆ ಕಾರ್ವಿ ಕಡ್ಡಿಯ ತಡಿಕೆ. ಅದಕ್ಕೆ ಮಣ್ಣು, ಸಗಣಿ ಮೆತ್ತಿ ಕೆಮ್ಮಣ್ಣು ಬಳಿಯುತ್ತಾರೆ. ಮದುವೆ ಬಂತೆಂದರೆ ಮುತ್ತೈದೆಯರು, ಅಲ್ಲಿಯ ಮಾತಿನಲ್ಲಿ ಸವಾಸಿಣಿಯರು, ಅಕ್ಕಿಯನ್ನು ಅರೆದು, ಬಿದಿರು ಕಡ್ಡಿಯ ತುದಿ ಜಗಿದು ಕುಂಚ ಮಾಡಿಕೊಂಡು ಗೋಡೆಯ ಮುಂದೆ ಕೂರುತ್ತಾರೆ. ಮೊದಲು ಚೌಕ. ಅದರ ಅಂಚಿಗೆ ಸಾಲು ಸಾಲು ಗೆರೆ, ಚುಕ್ಕಿ. ನಡುವೆ ಬೆಳೆ–ಸಂತಾನ ಕೊಡುವ ಪಾಲಘಾಟ್ ದೇವಿ. ಈ ಚೌಕವಿಲ್ಲದೆ ಮದುವೆ ನಡೆಯದು. ಮದುವೆಯ ಹಾಡು ಹೇಳಿ ಶಾಸ್ತ್ರ ನಡೆಸುವವಳೂ ಹೆಂಗಸೇ, ಧವಳೇರಿ.

ಮಲೆನಾಡಿನವರಿಗೆ ಇದು ಹೊಸದೆನಿಸದು. ಸಾಗರದ ಕಡೆ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣಿನ ಗೋಡೆಗೆ ಪುಂಡಿ ನಾರಿನ ಕುಂಚದಲ್ಲಿ ಅಕ್ಕಿ ಹಿಟ್ಟಿನ ಹಸೆ ಚಿತ್ತಾರ ಬರೆಯುವುದೂ ಮದುವೆಗೇ. ಡೊಂಬಿವಲಿಯ ಕನ್ನಡ ಮನೆಗಳಿಂದ ವಾರ್ಲಿ ನಾಡು ನೋಡಲು ಹೋಗುವವರು ಆ ನೆನಪು ಇಟ್ಟುಕೊಂಡೇ ಹೋಗಬೇಕು.

ಈ ಸೀಮೆಗೆ ಹೋರಾಟದ ಚರಿತ್ರೆಯೂ ಇದೆ. ಜಮೀನ್ದಾರರ ಬಿಟ್ಟಿ ಚಾಕರಿ, ಜೀತದ ವಿರುದ್ಧ 1945ರಲ್ಲಿ ಗೋದಾವರಿ ಪರುಳೇಕರ್ ಅವರ ನಾಯಕತ್ವದಲ್ಲಿ ವಾರ್ಲಿಗಳು ಎದ್ದು ನಿಂತರು. ಆ ಅನುಭವ ಕುರಿತು ಗೋದಾವರಿ ಬರೆದ ಮರಾಠಿ ಪುಸ್ತಕಕ್ಕೆ 1972ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಚಿತ್ರ ಗೋಡೆ ಬಿಟ್ಟು ಕಾಗದಕ್ಕೆ ಬಂದದ್ದೂ ಎಪ್ಪತ್ತರ ದಶಕದಲ್ಲೇ. ಕರಕುಶಲ ಮಂಡಳಿಯ ಕೆಲಸದ ಮೇಲೆ ಭಾಸ್ಕರ ಕುಲಕರ್ಣಿ ಎಂಬವರು ಇಲ್ಲಿಗೆ ಬಂದರು. ಅವರಿಂದಾಗಿ ಡಹಾಣು ತಾಲೂಕಿನ ಗಂಜಾಡ್ ಬಳಿಯ ಜಿವ್ಯಾ ಸೋಮಾ ಮಾಶೆ ಬೆಳಕಿಗೆ ಬಂದರು. ಮದುವೆಯ ಕಟ್ಟು ದಾಟಿ ಬಲೆ ಬೀಸುವವರನ್ನೂ ತಾರ್ಪಾ ಎಂಬ ವಾದ್ಯ ಊದುವವನ ಸುತ್ತ ಸುರುಳಿಯಾಗಿ ಕುಣಿಯುವವರನ್ನೂ ಬರೆದ ದೊಡ್ಡ ಕಲಾವಿದರು ಅವರು; 2011ರಲ್ಲಿ ಪದ್ಮಶ್ರೀ ಪಡೆದರು, 2018ರಲ್ಲಿ ತೀರಿಕೊಂಡರು. ಅವರ ಹಿರಿಮೆಗೆ ಎರಡು ಮಾತಿಲ್ಲ. ಆದರೆ ಕಾಗದ, ಸಹಿ, ದುಡ್ಡು, ವಿದೇಶ ಪ್ರಯಾಣ ಬಂದ ಹಾಗೆ ಈ ವಿದ್ಯೆ ಹೆಚ್ಚಾಗಿ ಗಂಡಸರ ಕಸುಬಾಯಿತು. ಗೋಡೆಯ ಮೇಲೆ ಬರೆದ ಹೆಂಗಸರಿಗೆ ಸಹಿ ಹಾಕುವ ರೂಢಿಯೇ ಇರಲಿಲ್ಲ. ಇದು ನನ್ನನ್ನು ಬಹಳ ಕಾಡುವ ಸಂಗತಿ.

ಈಗ ವಾರಾಂತ್ಯಕ್ಕೆ ಬೋರ್ಡಿಯ ಕಡಲತೀರ, ಘೋಲ್ವಡದ ಚಿಕ್ಕು ತೋಟ, ಜವ್ಹಾರಿನ ಅರಮನೆ ನೋಡಲು ಜನ ಹೋಗುತ್ತಾರೆ. ರೆಸಾರ್ಟಿನ ಗೋಡೆಯ ವಾರ್ಲಿ ಬೊಂಬೆಗಳ ಮುಂದೆ ಫೋಟೋ ತೆಗೆಸಿಕೊಂಡು ಬಂದರೆ ಹಾಡಿಯ ಹೆಣ್ಣಿಗೆ ಕಾಸೂ ದಕ್ಕುವುದಿಲ್ಲ. ಅವಳ ಅಂಗಳದಲ್ಲಿ ಕೂತು ಕಲಿತು ಆ ದಿನದ ಕೂಲಿಗಿಂತ ಹೆಚ್ಚು ಕೊಡಿ. ಬಚತ್ ಗಟ್, ಅಂದರೆ ಸ್ವಸಹಾಯ ಸಂಘದ ಹೆಂಗಸರು ಬಡಿಸುವ ನಾಗಲಿ, ಅಂದರೆ ನಮ್ಮ ರಾಗಿಯ ಭಾಕರಿಗೆ ದುಡ್ಡು ತೆತ್ತು ಉಣ್ಣಿ. ಇಂಥ ಸಂಪಾದನೆ ನಾಲ್ಕು ತಿಂಗಳು ಸಿಕ್ಕರೆ ಭಟ್ಟಿಯ ಮುಂಗಡಕ್ಕೆ ಕೈಯೊಡ್ಡುವ ಪ್ರಮೇಯ ಕಡಿಮೆಯಾದೀತು. ಅಷ್ಟು ದೂರ ಹೋಗಲಾಗದವರಿಗೆ ನವಿಮುಂಬಯಿಯ ಬೇಲಾಪುರದಲ್ಲಿ ಸಿಡ್ಕೋದ ಅರ್ಬನ್ ಹಾಟ್ ಎಂಬ ಕರಕುಶಲ ಸಂತೆ ಇದೆ. ಅಲ್ಲಿ ವಾರ್ಲಿ ಚಿತ್ರ ಕೊಳ್ಳುವಾಗ ಬರೆದವರು ಯಾರೆಂದು ಕೇಳಿ. ಹೆಂಗಸು ಬರೆದದ್ದಾದರೆ ಕೆಳಗೆ ಅವಳ ಹೆಸರು ಹಾಕಿಸಿಕೊಂಡೇ ತನ್ನಿ.